ಮಾರಾಟವಾಗದ ಹಾಡುಗಳ ಕ್ಯಾಸೆಟ್ ಅಕ್ಕ

ನೆಲಮಾಳಿಗೆಯ ಎತ್ತರದ ಕಿಟಕಿಗೆ ಇನ್ನೂ ಬೆಳಕು ತಾಗಿಲ್ಲ. ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ವಾರ್ಡುಗಳಿಂದ ಇಳಿದು ಬಂದ ಹಾಸುಬಟ್ಟೆ, ದಿಂಬಿನ ಗವಸು, ಆಪರೇಷನ್ ಕೋಣೆಯ ಹಸಿರು ಅಂಗಿಗಳು ಗಾಲಿಬಂಡಿಗಳಲ್ಲಿ ಗುಡ್ಡೆ ಬಿದ್ದಿವೆ. ಬಾಯ್ಲರ್ ಕಾದು ಮಷಿನ್‌ಗಳು ಶುರುವಾಗುವ ಮೊದಲು ಸಿಗುವ ಚೂರು ಮೌನದಲ್ಲಿ, ಐವತ್ತು ದಾಟಿದ ಹೆಂಗಸೊಬ್ಬರು ಬಟ್ಟೆ ಮಡಚುವ ಮೇಜಿನ ಮೇಲೆ ಹಳೆಯ ಕ್ಯಾಸೆಟ್ ಪ್ಲೇಯರ್ ಇಟ್ಟು ಗುಂಡಿ ಒತ್ತುತ್ತಾರೆ. ಹಾಡು ಶುರುವಾಗುತ್ತದೆ. ಅವರು ಎಡಗಿವಿಯನ್ನು ಅದರತ್ತ ತಿರುಗಿಸುತ್ತಾರೆ. ಸ್ವಲ್ಪ ಹೊತ್ತಿಗೆ ಬಲಗಿವಿ. ಮತ್ತೆ ಎಡಗಿವಿ. ಮುಖದಲ್ಲಿ ಹಾಡು ಕೇಳುವವರ ಹಿಗ್ಗಿಲ್ಲ. ಹಾಲು ಉಕ್ಕೀತೇನೋ ಎಂದು ಒಲೆ ಮುಂದೆ ಕಾಯುವವರ ಗಾಬರಿಯಿದೆ.

ಇವತ್ತು ಪಾಳಿ ಮುಗಿದ ಮೇಲೆ ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಅವರ ಕಿವಿ ಪರೀಕ್ಷೆಯಿದೆ. ಲಾಂಡ್ರಿಯಲ್ಲಿ ಈ ವಿಷಯ ಗೊತ್ತಿರುವುದು ಒಬ್ಬನಿಗೆ ಮಾತ್ರ. ಎದುರಿನ ಮೇಜಿನಲ್ಲಿ ಡಾಕ್ಟರುಗಳ ಬಿಳಿ ಕೋಟು ತೀಡುವ ಆತನನ್ನು ಎಲ್ಲರೂ ‘ಇಸ್ತ್ರಿ’ ಎಂದೇ ಕರೆಯುತ್ತಾರೆ. ನಲವತ್ತರ ಆಸುಪಾಸು, ಎರಡು ಮಕ್ಕಳ ತಂದೆ, ಮಾತಿಗೆ ಮೊದಲೇ ನಗುವವನು. ಈ ಹೆಂಗಸಿಗೆ ಇಲ್ಲಿ ‘ಕ್ಯಾಸೆಟ್ ಅಕ್ಕ’ ಎಂದು ಹೆಸರು.

“ಎಷ್ಟು ಸಲ ಕತ್ತು ತಿರುಗಿಸ್ತೀರಕ್ಕ? ಉಳುಕಿದ್ರೆ ಅದಕ್ಕೆ ಬೇರೆ ಡಾಕ್ಟ್ರನ್ನ ಹುಡುಕ್ಬೇಕು,” ಎನ್ನುತ್ತಾನೆ ಇಸ್ತ್ರಿ.

“ಹಿಂದೆ ಕೊಳಲು ಬರ್ತಿದೆಯಾ ನೋಡು ತಮ್ಮಾ.”

“ಬರ್ತಿದೆ.”

“ನಂಗೂ ಬರ್ತಿದೆ ಅನ್ಸುತ್ತೆ. ಆದ್ರೆ ಅದು ಆ ಡಬ್ಬದಿಂದ ಬರ್ತಿದೆಯೋ ನನ್ನ ತಲೆಯಿಂದ ಬರ್ತಿದೆಯೋ ಗೊತ್ತಾಗ್ತಿಲ್ಲ,” ಎನ್ನುತ್ತಾರೆ ಅಕ್ಕ. ಅಷ್ಟರಲ್ಲಿ ಬಾಯ್ಲರ್ ಸೀಟಿ ಹೊಡೆಯುತ್ತದೆ. ಅವರು ಪ್ಲೇಯರಿನ ದನಿ ಏರಿಸಿ, ಅಂಗಿಯ ತೋಳು ಮಡಚಿ ಮಷಿನ್‌ನತ್ತ ನಡೆಯುತ್ತಾರೆ.

ಅವರದು ಬಟ್ಟೆ ಹಿಂಡುವ ದೊಡ್ಡ ಮಷಿನ್. ಒಗೆದು ನೀರು ಕುಡಿದ ಬಟ್ಟೆ ಕಲ್ಲಿನಷ್ಟು ಭಾರ. ಅದನ್ನು ಎರಡೂ ತೋಳಲ್ಲಿ ಅಪ್ಪಿ ಎತ್ತಿ, ಉರುಳೆಯೊಳಗೆ ಸುತ್ತಲೂ ಸಮನಾಗಿ ತುಂಬಬೇಕು. ಒಂದೇ ಬದಿಗೆ ಸೇರಿದರೆ ಮಷಿನ್ ಹುಚ್ಚು ಹಿಡಿದ ಹಾಗೆ ಕುಣಿಯುತ್ತದೆ. ಕುಣಿಯುವ ಮೊದಲು ಸಣ್ಣ ದನಿಯಲ್ಲಿ ಕೀಂ ಕೀಂ ಎಂದು ಎಚ್ಚರಿಸುತ್ತದೆ; ಆಗ ಯಾರೂ ಹತ್ತಿರ ಹೋಗಬಾರದು, ಕೈ ಹಾಕಬಾರದು. ದಿನಕ್ಕೆ ಎಂಟುನೂರಕ್ಕೂ ಹೆಚ್ಚು ಹಾಸುಬಟ್ಟೆ ಈ ಮಷಿನ್ ಬಾಯಿಗೆ ಹೋಗಿ ಬರುತ್ತವೆ. ಇಪ್ಪತ್ತು ವರ್ಷಗಳಿಂದ ಅಕ್ಕ ಅದರ ಪಕ್ಕದಲ್ಲಿದ್ದಾರೆ. ಮಷಿನ್ ಕೂಗು ಎಂಥದೆಂದರೆ, ಪಕ್ಕದವರ ಜೊತೆ ಮಾತಾಡಲು ಕಿವಿಗೆ ಬಾಯಿ ಹಚ್ಚಬೇಕು. ಕೆಲವು ತಿಂಗಳಿಂದ ಅವರಿಗೆ ಆ ಕೀಂ ಕೀಂ ಕೇಳಿಸುತ್ತಿಲ್ಲ. ಹಾಗಾಗಿ ಮಷಿನ್ ನೆತ್ತಿಯಲ್ಲಿ ಆ ಸದ್ದಿನೊಂದಿಗೇ ಹೊತ್ತುವ ಕೆಂಪು ದೀಪದ ಮೇಲೆ ಕಣ್ಣು ನೆಟ್ಟೇ ಕೆಲಸ ಮಾಡುತ್ತಾರೆ. ಕಿವಿಯ ಕೆಲಸವನ್ನೂ ಕಣ್ಣಿಗೇ ಹೊರಿಸಿದ್ದಾರೆ.

ಈ ಹಾಡಿನ ಗೀಳು ಅವರಿಗೆ ಅಪ್ಪನಿಂದ ಬಂದದ್ದು. ಅಪ್ಪ ಕ್ಯಾಸೆಟ್ ಕಂಪನಿಯೊಂದರ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದರು. ಅಂಗಡಿಗಳಲ್ಲಿ ಮಾರಾಟವಾಗದೆ ವಾಪಸು ಬಂದ ಕ್ಯಾಸೆಟ್‌ಗಳನ್ನು ಪುಡಿ ಮಾಡಲು ಕಳಿಸುವ ಮುನ್ನ, ಬೇಕಾದವರು ಒಂದೆರಡು ಒಯ್ಯಬಹುದಿತ್ತು. ಅಪ್ಪ ಅಂಗಿ ಜೇಬು ತುಂಬಿಕೊಂಡು ಬರುತ್ತಿದ್ದರು. ಮನೆಯಲ್ಲಿ ಮೊಳಗುತ್ತಿದ್ದದ್ದು ಬರೀ ಅವೇ.

“ನಾನು ಅವೇ ದೊಡ್ಡ ದೊಡ್ಡ ಹಾಡುಗಳು ಅಂದ್ಕೊಂಡಿದ್ದೆ,” ಎಂದು ಅಕ್ಕ ನಗುತ್ತಾರೆ. “ಸ್ಕೂಲಲ್ಲಿ ಟೀಚರ್ ಹಾಡು ಅಂದ್ರು. ಹಾಡ್ದೆ. ಯಾರಿಗೂ ಗೊತ್ತಿಲ್ಲ. ಇನ್ನೊಂದು ಹಾಡ್ದೆ, ಅದೂ ಗೊತ್ತಿಲ್ಲ. ಇಡೀ ಊರಿಗೆ ಗೊತ್ತಿರೋ ಹಾಡು ನಂಗೆ ಗೊತ್ತಿರ್ಲಿಲ್ಲ, ನಂಗೆ ಗೊತ್ತಿರೋದು ಯಾರಿಗೂ ಗೊತ್ತಿರ್ಲಿಲ್ಲ. ಅವತ್ತು ಮನೆಗೆ ಬಂದು ಅತ್ತುಬಿಟ್ಟೆ. ಅಪ್ಪ ಅಂದ್ರು, ‘ಅಳಬೇಡ ಮಗಾ, ಪಾಪ, ಅವರಿಗೆ ಸಿಕ್ಕಿಲ್ಲ ಅಷ್ಟೆ.’”

ಅಪ್ಪ ತೀರಿಕೊಂಡು ಬಹಳ ಕಾಲವಾಯಿತು. ‘ಅವರಿಗೆ ಸಿಕ್ಕಿಲ್ಲ ಅಷ್ಟೆ’ ಎಂಬ ಮಾತು ಮಾತ್ರ ಮಗಳಿಗೆ ಕೆಲಸ ಹಚ್ಚಿತು. ಸಂಬಳದ ದಿನ ಹಳೇ ಸಾಮಾನಿನ ಅಂಗಡಿಗೆ ಹೋಗುವುದು, ಧೂಳು ಹಿಡಿದ ಪೆಟ್ಟಿಗೆಯಲ್ಲಿ ಕೈಯಾಡಿಸುವುದು, ಹೆಸರೇ ಕೇಳದ ಆಲ್ಬಂ ತಂದು ಲಾಂಡ್ರಿಯಲ್ಲಿ ಹಾಕುವುದು. ಒಂದು ಹಾಡು ಕೇಳಿ ಎದ್ದು ಹೋಗುವವರನ್ನು ಕಂಡರೆ ಅವರಿಗೆ ಆಗದು. “ಬಡಿಸಿದ ಎಲೆ ಮುಂದೆ ಕೂತು ಒಂದು ತುತ್ತು ತಿಂದು ಕೈ ತೊಳ್ಕೊಂಡ್ರೆ ಅಡುಗೆ ಮಾಡಿದವರಿಗೆ ಹೇಗಾಗ್ಬೇಡ? ಅವರು ಇದು ಮೊದಲು, ಇದು ಆಮೇಲೆ ಅಂತ ಯೋಚ್ನೆ ಮಾಡಿ ಜೋಡಿಸಿರ್ತಾರೆ. ಪೂರ್ತಿ ಕೇಳ್ಬೇಕು. ಆಮೇಲೆ ಬೈದ್ರೂ ಪರವಾಗಿಲ್ಲ.”

‘ಹಿಂದಿನ ಸೀಟು’ ಎಂಬ ಆಲ್ಬಂ ಬಗ್ಗೆ ಕೇಳಿದರೆ ಅವರ ಕೈಯಲ್ಲಿದ್ದ ಹಾಸುಬಟ್ಟೆ ಅರ್ಧ ಮಡಿಕೆಯಲ್ಲೇ ನಿಲ್ಲುತ್ತದೆ. ಅದರ ಗಾಯಕ ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ, ಎಚ್ಚರವಾಗಬಾರದು ಎಂಬಂತೆ ಹಾಡುತ್ತಾನಂತೆ. ಐದನೇ ಹಾಡಿನ ಮಧ್ಯೆ ಯಾರದೋ ಕುರ್ಚಿ ಕಿರುಗುಟ್ಟುತ್ತದೆ. ಅದನ್ನು ಅಳಿಸದೆ ಬಿಟ್ಟಿದ್ದಾರೆ. “ಆ ಕುರ್ಚಿಯಿಂದಾಗಿ ಆ ಕೋಣೇಲಿ ನಾವೂ ಕೂತ ಹಾಗಾಗುತ್ತೆ,” ಎನ್ನುತ್ತಾರೆ ಅಕ್ಕ. ಅದು ಬಿಡುಗಡೆಯಾದ ವಾರವೇ ದೊಡ್ಡ ಸಿನಿಮಾವೊಂದರ ಹಾಡುಗಳು ಬಂದು ಎಲ್ಲವನ್ನೂ ಕೊಚ್ಚಿಕೊಂಡು ಹೋದವು. “ಹುಲಿ ಬಂದ ದಿನಾನೇ ಬೆಕ್ಕು ಸಂತೆಗೆ ಹೋಯ್ತು. ಯಾರು ತಿರುಗಿ ನೋಡ್ತಾರೆ?” ‘ಎರಡನೇ ಶಿಫ್ಟು’ ಎಂಬುದರಲ್ಲಿ ಡೋಲು ಬಾರಿಸುವವನು ಪ್ರತಿ ಪೆಟ್ಟಿಗೂ ಕೂದಲೆಳೆಯಷ್ಟು ತಡ. ತಪ್ಪಲ್ಲ ಅದು, ದಣಿವು ಎನ್ನುವುದು ಅಕ್ಕನ ವಾದ. ಹೊರೆ ಇಳಿಸಿದವನು ಕೂರುವ ಮೊದಲು ಒಂದು ಕ್ಷಣ ಸುಮ್ಮನೆ ನಿಲ್ಲುವುದಿಲ್ಲವೇ, ಹಾಗೆ. ಎಲ್ಲಕ್ಕಿಂತ ಪ್ರಿಯವಾದದ್ದು ಇಬ್ಬರು ಸೋದರಿಯರ ‘ಅಕ್ಕ ಹೇಳಿದ್ದು, ತಂಗಿ ಕೇಳಿದ್ದು’. ಒಂಬತ್ತು ಹಾಡು ಅವರಲ್ಲಿ ದೊಡ್ಡವಳದು, ತಂಗಿ ಬರೀ ಹ್ಞೂಂಗುಟ್ಟುತ್ತಾಳೆ. ಕೊನೆಯ ಹಾಡು ತಂಗಿಯದು. ಅದು ಮುಗಿಯುವಾಗ ಎಲ್ಲೋ ದೂರದಲ್ಲಿ ಸಣ್ಣದೊಂದು ಗಂಟೆ ಬಾರಿಸುತ್ತದೆ.

ಗಾಬರಿ ಶುರುವಾದದ್ದು ಆ ಗಂಟೆಯಿಂದಲೇ. ಒಂದು ದಿನ ಅದು ಕೇಳಿಸಲಿಲ್ಲ. ಟೇಪು ಸವೆದಿದೆ ಅಂದುಕೊಂಡರು. ಪ್ಲೇಯರಿನ ಹಲ್ಲು, ಗಾಲಿಯನ್ನೆಲ್ಲ ಹತ್ತಿಯಿಂದ ಒರೆಸಿದರು. ಬ್ಯಾಟರಿ ಬದಲಿಸಿದರು. ಮನೆಯ ಟೇಪ್ ರೆಕಾರ್ಡರಿಗೆ ಹಾಕಿ ನೋಡಿದರು, ಅದಕ್ಕೂ ಬೈದರು. ಕೊನೆಗೆ ಏನೂ ಆಗದವರಂತೆ ಇಸ್ತ್ರಿಯನ್ನು ಕೇಳಿದರು.

“ಆ ಕೊನೇಲಿ ಗಂಟೆ ಸರಿಯಾಗಿ ಬರ್ತಿಲ್ಲ ಅಲ್ವಾ?”

“ಬರ್ತಿದೆಯಲ್ಲಕ್ಕ. ಯಾವಾಗ್ಲೂ ಬರೋ ಹಾಗೇ ಬಂತು.”

ಅವತ್ತು ರಾತ್ರಿ ಮನೆಯಲ್ಲಿ ಆ ಹಾಡನ್ನು ಮತ್ತೆ ಮತ್ತೆ ಹಾಕಿದರು. ವಿಚಿತ್ರವೆಂದರೆ, ಮಾರನೆಯ ದಿನ ಗಂಟೆ ಕೇಳಿಸಿತು. ಅದರ ಮರುದಿನವೂ ಕೇಳಿಸಿತು. ಸದ್ಯ ಬದುಕಿದೆ ಅಂದುಕೊಂಡರು. ಆಮೇಲಿನದನ್ನು ಇಸ್ತ್ರಿಯೇ ಹೇಳಬೇಕು.

“ಅಕ್ಕ ನಮಗೆ ಬೆನ್ನು ಹಾಕಿ ಬಟ್ಟೆ ಮಡಚ್ತಾ ಇದ್ರು. ಮಷಿನ್ ಓಡ್ತಿತ್ತು, ಹಾಡೂ ಹಾಕಿತ್ತು. ಸೂಪರ್‌ವೈಸರ್ ಬಂದ್ರು ಅಂತ ನಾನು ಪ್ಲೇಯರ್ ನಿಲ್ಲಿಸ್ದೆ. ಅಕ್ಕ ನಿಲ್ಲಿಸ್ಲೇ ಇಲ್ಲ. ತಲೆ ಆಡಿಸ್ತಾ ಇದ್ದಾರೆ, ಮೇಜಿನ ಮೇಲೆ ತಾಳ ಹಾಕ್ತಾ ಇದ್ದಾರೆ, ತಂಗಿ ಹಾಡನ್ನ ಕೊನೇವರೆಗೂ ಹಾಡಿದ್ರು. ಆಮೇಲೆ ನನ್ನ ಕಡೆ ತಿರುಗಿ, ‘ನೋಡು, ಗಂಟೆ ಬಂತು’ ಅಂದ್ರು. ನಾನು ಯೋಚ್ನೆ ಮಾಡ್ದೇನೇ ಅಂದ್ಬಿಟ್ಟೆ, ‘ಅಕ್ಕ, ನಾನು ಆಗ್ಲೇ ನಿಲ್ಲಿಸಿದ್ನಲ್ಲ.’”

ಮಡಚುವ ಮೇಜಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ನಕ್ಕರು. ಆಮೇಲೆ ಒಗೆದ ಬಟ್ಟೆ ಇಡುವ ಕೋಣೆಗೆ ಹೋಗಿ, ದಿಂಬಿನ ಗವಸುಗಳ ಗಂಟಿನ ಮೇಲೆ ಕೂತುಬಿಟ್ಟರು. ಇಸ್ತ್ರಿ ಹಿಂದೆಯೇ ಹೋದ. ಅವರು ಹೇಳಿದ ಮೊದಲ ಮಾತು: “ಮಷಿನ್ ಕೀಂ ಕೀಂ ಅನ್ನೋದೂ ನಂಗೆ ಕೇಳಿಸ್ತಿಲ್ಲ, ಯಾರಿಗೂ ಹೇಳ್ಬೇಡ.” ಎರಡನೆಯದು: “ನನ್ನ ಕಿವಿ ಹೋದ್ರೆ ಹೋಗ್ಲಿ ತಮ್ಮಾ. ಆ ಗಂಟೆ ಹೊಡೆದೋನ ಗತಿ ಏನು? ಕೇಳ್ತಿದ್ದೋಳು ನಾನೊಬ್ಬಳೇ.”

ಅಕ್ಕನ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿಯ ಹಾಡುಗಳಿಗೆ ಕಿವಿಗೊಟ್ಟವರಲ್ಲ. “ನಂಗೆ ಎಲ್ಲಾ ಹಾಡೂ ಒಂದೇ. ಎಂಜಿನ್ ಆದ್ರೆ ಹೇಳ್ತೀನಿ,” ಎನ್ನುವ ಆಸಾಮಿ. ಹೆಂಡತಿ ನಿದ್ದೆಯಿಲ್ಲದೆ ಮಗ್ಗುಲು ಬದಲಿಸುವುದನ್ನು ನೋಡಿ ನೋಡಿ, ಕೊನೆಗೆ ವಿಷಯ ಬಾಯಿ ಬಿಡಿಸಿದರು. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಹೇಳಿದರು, “ಗೊತ್ತಿರೋ ಹಾಡು ಕೇಳಿದ್ರೆ ಹೇಗೇ ಗೊತ್ತಾಗುತ್ತೆ? ಗೊತ್ತಿಲ್ಲದ್ದು ಕೇಳ್ಬೇಕು.”

ಮಾತೇನೋ ಸರಿ. ಆದರೆ ಅಕ್ಕನಿಗೆ ಗೊತ್ತಿಲ್ಲದ ಆಲ್ಬಂ ಎಲ್ಲಿಂದ ತರುವುದು? ಡಿಪೋದಿಂದ ಬರುವ ದಾರಿಯಲ್ಲಿ ಅವರೇ ಹಳೇ ಸಾಮಾನಿನ ಅಂಗಡಿಗೆ ಹೊಕ್ಕರು. ಅಂಗಡಿಯಾತ ಅಟ್ಟ ಹತ್ತಿ, ಅಕ್ಕನ ಕೈಗೆ ಇನ್ನೂ ಸಿಗದ ಒಂದನ್ನು ಹುಡುಕಿಕೊಟ್ಟ. ಹೊದಿಕೆ ಹರಿದು ಹೋಗಿತ್ತು. ‘ಬಾಡಿಗೆ ಕೋಣೆ’ ಎಂಬ ಹೆಸರು ಮಾತ್ರ ಉಳಿದಿತ್ತು.

ಭಾನುವಾರ ಮಧ್ಯಾಹ್ನ ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಎದುರುಬದುರು ಕೂತರು. ಪ್ರತಿ ಹಾಡು ಮುಗಿದ ಮೇಲೆ ಏನೇನು ಕೇಳಿಸಿತು ಎಂದು ಮೊದಲು ಅಕ್ಕ ಹೇಳುವುದು, ಆಮೇಲೆ ಯಜಮಾನರು. ಅಕ್ಕ ಗಾಯಕಿಯ ದನಿ ಹೇಳಿದರು, ಗಿಟಾರ್ ಹೇಳಿದರು, ಕೆಳದನಿಯ ಡೋಲು ಹೇಳಿದರು. ಯಜಮಾನರು ತಮಗೆ ಬಂದ ಭಾಷೆಯಲ್ಲಿ ಹೇಳಿದರು: “ಹಿಂದೆ ತಗಡು ಉಜ್ಜಿದ ಹಾಗೆ ಚಿಸ್ ಚಿಸ್ ಅಂತಿತ್ತು. ಫ್ಯಾನ್‌ಬೆಲ್ಟ್ ಸಡಿಲ ಆದಾಗ ಬರೋ ಥರ ಏನೋ ಒಂದು ಎಳೀತಾ ಇತ್ತು.” ಅಕ್ಕ ಹೌದೌದು ಅನ್ನಲಿಲ್ಲ. ಅವರ ಕಿವಿಗೆ ಅದ್ಯಾವುದೂ ಬಿದ್ದಿರಲಿಲ್ಲ.

ನಾಲ್ಕನೇ ಹಾಡು ಮುಗಿಯಿತು. ಅದರಲ್ಲಿ ಮಾತೇ ಇಲ್ಲ, ಬರೀ ಗಿಟಾರ್, ಯಾಕೋ ಖಾಲಿ ಖಾಲಿ ಇದೆ ಎಂದರು ಅಕ್ಕ. ಯಜಮಾನರು ಹೆಂಡತಿಯ ಮುಖ ನೋಡಿದರು.

“ಯಾಕ್ರೀ?”

“ಖಾಲಿ ಇಲ್ಲ ಕಣೇ. ಯಾರೋ ಶಿಳ್ಳೆ ಹಾಕ್ತಿದ್ದಾರೆ. ಮೊದಲಿಂದ ಕೊನೇವರೆಗೂ.”

ಅಕ್ಕ ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರು. ಸ್ಪೀಕರಿಗೆ ಕೆನ್ನೆ ಒತ್ತಿ ಕೇಳಿದರು. ಇಲ್ಲ. ಆಗ ಯಜಮಾನರು ಎದ್ದು ಬಂದು ಹೆಂಡತಿಯ ಪಕ್ಕ ಕೂತು, ಆ ಶಿಳ್ಳೆಯ ಜಾಡು ಹಿಡಿದು, ತಗ್ಗಿನ ದನಿಯಲ್ಲಿ ಗುನುಗತೊಡಗಿದರು. ಜನ್ಮದಲ್ಲಿ ಹಾಡಿದವರಲ್ಲ. ಅಲ್ಲಲ್ಲಿ ತಪ್ಪಿದರು, ತಪ್ಪಿದಲ್ಲಿ ಟೇಪು ನಿಲ್ಲಿಸಿ ಹಿಂದಕ್ಕೆ ಹೋದರು. ಸಂಜೆಯ ಹೊತ್ತಿಗೆ ಹಾಡು ಪೂರ್ತಿಯಾಯಿತು.

“ಆ ಶಿಳ್ಳೆ ಎಷ್ಟು ಚೆನ್ನಾಗಿದೆ ಗೊತ್ತಾ?” ಎಂದು ಅಕ್ಕ ಈಗ ಹೇಳುತ್ತಾರೆ. “ಬಾಡಿಗೆ ಕೋಣೇಲಿ ಒಬ್ಬಂಟಿ ಇರೋ ಮನುಷ್ಯ ಬೀಗದ ಕೈ ಹುಡುಕ್ತಾ ಶಿಳ್ಳೆ ಹಾಕ್ದ ಹಾಗಿದೆ. ನಾನು ಕೇಳಿಲ್ಲ. ಆದ್ರೆ ಗೊತ್ತು.” ಮಾರನೆಯ ದಿನವೇ ಯಜಮಾನರು ಕಿವಿ ಡಾಕ್ಟರ ಹತ್ತಿರ ಹೆಸರು ಬರೆಸಿ ಬಂದರು. ಹಾಗೆ ಬಂದ ದಿನ ಇವತ್ತು.

ಪರೀಕ್ಷೆಯ ಕೋಣೆ ಅಲಮಾರಿನಷ್ಟು ಚಿಕ್ಕದು. ಕಿವಿಗೆ ದಪ್ಪ ಹೆಡ್‌ಫೋನು, ಕೈಯಲ್ಲೊಂದು ಗುಂಡಿ; ಸದ್ದು ಕೇಳಿಸಿದಾಗ ಒತ್ತಬೇಕು. ಗಾಜಿನಾಚೆ ಕೂತ ಡಾಕ್ಟರಮ್ಮ ವಯಸ್ಸಿನಲ್ಲಿ ಅಕ್ಕನ ಮಗಳಂಥವರು. ಮೊದಮೊದಲು ಎಲ್ಲ ಕೇಳಿಸುತ್ತದೆ. ಆಮೇಲೆ ಸದ್ದು ಮೇಲೆ ಮೇಲೆ ಹೋಗಿ ಕಾಣೆಯಾಗುತ್ತದೆ. ಆದರೂ ಅಕ್ಕ ಗುಂಡಿ ಒತ್ತುತ್ತಾರೆ, ಮತ್ತೊಮ್ಮೆ ಒತ್ತುತ್ತಾರೆ. ಆಮೇಲೆ ತಾವೇ ಹೆಡ್‌ಫೋನು ತೆಗೆದು ಹೊರಗೆ ಬರುತ್ತಾರೆ.

“ಡಾಕ್ಟ್ರೇ, ತಪ್ಪಾಯ್ತು. ಕೊನೇದು ಎರಡು ಕೇಳಿಸ್ಲಿಲ್ಲ. ನೀವು ಬಿಟ್ಟು ಬಿಟ್ಟು ಹಾಕ್ತೀರಲ್ಲ, ಆ ತಾಳ ಸಿಕ್ತು. ಈಗ ಬರುತ್ತೆ ಅಂತ ಒತ್ತಿಬಿಟ್ಟೆ.”

ಡಾಕ್ಟರಮ್ಮ ನಗುವುದಿಲ್ಲ. ತಾಳ ಸಿಗದಂತೆ ನಡುವಿನ ಬಿಡುವನ್ನು ಹೆಚ್ಚು ಕಡಿಮೆ ಮಾಡಿ ಇನ್ನೊಮ್ಮೆ ಪರೀಕ್ಷೆ ಮಾಡುತ್ತಾರೆ. ಬಳಿಕ ನಿಧಾನವಾಗಿ ಬಿಡಿಸಿ ಹೇಳುತ್ತಾರೆ. ಮೇಲಿನ ಸ್ಥಾಯಿಯ ಸದ್ದುಗಳು ಹೋಗಿವೆ, ಮಷಿನ್ ಗದ್ದಲ ತಿಂದಿದೆ. ಹೋದದ್ದು ವಾಪಸು ಬರುವುದಿಲ್ಲ. ಗದ್ದಲದಿಂದ ದೂರವಿದ್ದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು.

“ಕಿವಿಗೆ ಹಾಕ್ಕೊಳ್ಳೋ ಮುಚ್ಚಳ ಕೊಟ್ಟಿರ್ಲಿಲ್ವಾ?”

“ಕೊಟ್ಟಿದ್ರು. ಹಾಕ್ಕೊಂಡ್ರೆ ಹಾಡು ಕೇಳಿಸ್ತಿರ್ಲಿಲ್ಲ.” ಇಷ್ಟು ಹೇಳಿ ಅಕ್ಕ ನಿಲ್ಲುತ್ತಾರೆ. “ಅಲ್ಲಿ ಯಾರೂ ಹಾಕ್ಕೊಳ್ಳಲ್ಲ ಡಾಕ್ಟ್ರೇ. ನಾನು ಹಾಡು ಹಾಕ್ತೀನಿ ಅಂತ.”

ಆಗ ಹಿಡಿದ ಭಯ ತಮ್ಮ ಕಿವಿಯದಕ್ಕಿಂತ ದೊಡ್ಡದು ಎನ್ನುತ್ತಾರೆ ಅಕ್ಕ. ಮೆಟ್ಟಿಲಿಳಿದು ನೇರ ಸೂಪರ್‌ವೈಸರ್ ಮುಂದೆ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆತ ಒಳ್ಳೆಯ ಮನುಷ್ಯ, ಆದರೆ ಅವತ್ತು ಉರಿದುಬಿದ್ದ. “ಎಷ್ಟು ತಿಂಗಳಿಂದ? ಆ ಎಚ್ಚರಿಕೆ ಕೇಳಿಸ್ದೇ ಮಷಿನ್ ಓಡಿಸಿದ್ದೀರಾ? ಯಾರದಾದ್ರೂ ಕೈ ಒಳಗೆ ಹೋಗಿದ್ರೆ?” ಆ ಪ್ರಶ್ನೆಯನ್ನು ಅಕ್ಕ ತಮಗೆ ತಾವೇ ದಿನವೂ ಕೇಳಿಕೊಂಡಿದ್ದರು. “ಎಲ್ಲರ ಕಿವೀನೂ ಪರೀಕ್ಷೆ ಮಾಡಿಸಿ ಸರ್. ಆಮೇಲೆ ನನ್ನ ಏನು ಬೇಕಾದ್ರೂ ಮಾಡಿ,” ಎಂದಷ್ಟೇ ಹೇಳಿದರು.

ಮಡಚುವ ಮೇಜಿನ ಮೂವರು, ಒಗೆಯುವ ಕಡೆಯ ಇಬ್ಬರು, ಇಸ್ತ್ರಿ, ಎಲ್ಲರೂ ಒಬ್ಬೊಬ್ಬರಾಗಿ ಮೇಲಿನ ಮಹಡಿಗೆ ಹೋಗಿ ಬಂದರು. ಅವರು ಮೆಟ್ಟಿಲಿಳಿದು ಬರುವಾಗಲೆಲ್ಲ ಅಕ್ಕ ಕೆಳಗೆ ಬಾಗಿಲ ಬಳಿ ನಿಂತಿರುತ್ತಿದ್ದರು. ಹೆಂಗಸರದು ಸರಿಯಿತ್ತು. ಒಗೆಯುವವರದೂ ಸರಿಯಿತ್ತು. ಇಸ್ತ್ರಿಯ ಬಲಗಿವಿಗೆ ಸ್ವಲ್ಪ ಪೆಟ್ಟಾಗಿತ್ತು. “ಅಷ್ಟೇನಿಲ್ಲಕ್ಕ, ಹೆಂಡ್ತಿ ಬೈಯೋದು ಆ ಕಡೆಯಿಂದಾನೇ,” ಎಂದ. ಅಕ್ಕ ನಗಲಿಲ್ಲ. ಇವತ್ತಿಗೂ ಆತ ಬಲಕ್ಕೆ ತಲೆ ತಿರುಗಿಸಿದರೆ ಅವರ ಮನಸ್ಸು ಮುದುಡುತ್ತದೆ.

ಇದೆಲ್ಲ ಆಗಿ ಕೆಲವು ವಾರಗಳಾದವು. ಈಗ ಲಾಂಡ್ರಿಯಲ್ಲಿ ಮಷಿನ್ ಓಡುವಾಗ ಹಾಡಿಲ್ಲ. ಎಲ್ಲರ ಕಿವಿಗೂ ಮುಚ್ಚಳ ಬಂದಿದೆ. ಅಕ್ಕನನ್ನು ಹಿಂಡುವ ಮಷಿನ್‌ನಿಂದ ತೆಗೆದು, ಓಣಿಯ ಕೊನೆಯ ಹೊಲಿಗೆ ಕೋಣೆಗೆ ಹಾಕಿದ್ದಾರೆ. ಹರಿದ ಹಾಸುಬಟ್ಟೆಗೆ ತೇಪೆ ಹಚ್ಚುವುದು, ಅಂಗಿಗಳಿಗೆ ಲಾಡಿ ಹೊಲಿಯುವುದು ಅಲ್ಲಿನ ಕೆಲಸ. ಮೊದಲ ವಾರ ಅಲ್ಲಿನ ಮೌನಕ್ಕೆ ಕೈಕಾಲೇ ಆಡಲಿಲ್ಲವಂತೆ. “ಹೆರಿಗೆಗೆ ರಜ ಹಾಕಿದ್ದು ಬಿಟ್ರೆ ಆ ಮಷಿನ್ ಬಿಟ್ಟು ಇದ್ದೋಳಲ್ಲ ನಾನು. ಶತ್ರು ಅಂತ ಗೊತ್ತಾದ ಮೇಲೂ ಅದನ್ನ ನೆನೆಸ್ಕೋತೀನಿ ನೋಡಿ.”

ಈ ಕೋಣೆಯಲ್ಲಿ ದಿನವಿಡೀ ಮೆಲ್ಲಗೆ ಹಾಡು ಹಾಕಬಹುದು. ಆದರೆ ಅಕ್ಕನಿಗೆ ಮೊದಲಿನ ಧೈರ್ಯವಿಲ್ಲ. ಇದು ಚೆನ್ನಾಗಿದೆ ಎಂದು ಹೇಳುವ ಮುನ್ನ, ಪಕ್ಕದಲ್ಲಿ ಹೊಲಿಯುವ ಹೆಂಗಸನ್ನು “ಮೇಲುಗಡೆ ಏನಾದ್ರೂ ಇದೆಯಾ?” ಎಂದು ಕೇಳುತ್ತಾರೆ. ಆಕೆ ಸೂಜಿ ನಿಲ್ಲಿಸಿ, ಕಣ್ಣು ಮುಚ್ಚಿ ಕೇಳಿ, ಇದೆ, ಇಂಥದ್ದಿದೆ ಎಂದು ಹೇಳುತ್ತಾಳೆ. ಆರು ತಿಂಗಳಿಗೆ ಇನ್ನೊಂದು ಪರೀಕ್ಷೆಯಿದೆ. ಇರುವುದೂ ಜಾರಿದೆಯೇ ಎಂದು ಅಕ್ಕ ಬೆಳಗಾದರೆ ಬೆರಳು ಬೆರಳು ಉಜ್ಜಿ ಕಿವಿಯ ಹತ್ತಿರ ಹಿಡಿದು ನೋಡಿಕೊಳ್ಳುತ್ತಾರೆ. ಕಿವಿಗೆ ಹಾಕುವ ಯಂತ್ರ ಬರುವುದಿದೆ. ಅದರ ಮಾತೆತ್ತಿದರೆ ಅವರಿಗೆ ಇನ್ನೊಂದು ಚಿಂತೆ: “ಅದು ಹಾಕ್ಕೊಂಡ ಮೇಲೆ ನಾನು ಇಷ್ಟು ವರ್ಷ ಹೊಗಳಿದ್ದು ಚೆನ್ನಾಗಿಲ್ಲ ಅನ್ಸಿದ್ರೆ?”

ಮೊನ್ನೆ ಬೆಳಿಗ್ಗೆ, ಬಾಯ್ಲರ್ ಕಾಯುವ ಮೊದಲು, ಇಸ್ತ್ರಿ ಹೊಲಿಗೆ ಕೋಣೆಯ ಬಾಗಿಲಿಗೆ ಬಂದು ನಿಂತ. ಮಷಿನ್ ಶುರುವಾಗುವ ಮುಂಚಿನ ಹೊತ್ತಿನಲ್ಲಿ ಹಾಡು ಹಾಕುವ ಕೆಲಸವನ್ನು ಈಗ ಆತನೇ ವಹಿಸಿಕೊಂಡಿದ್ದಾನೆ. ಕೈಯಲ್ಲಿ ‘ಎರಡನೇ ಶಿಫ್ಟು’ ಇತ್ತು, ಮುಖ ಗಂಟಿಕ್ಕಿತ್ತು.

“ಅಕ್ಕ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಯಾವಾಗ್ಲೂ ಆರನೇ ಹಾಡು, ಆರನೇ ಹಾಡು ಅಂತೀರ. ಅದಲ್ಲ. ಎರಡನೇದು ಇದರ ಜೀವ.”

“ಎರಡನೇದಾ? ನಿನ್ನ ತಲೆ. ಅದು ಬರೀ ಬಾಗಿಲು ತೆಗೆಯೋ ಹಾಡು.”

“ನೀವು ಸರಿಯಾಗಿ ಕೇಳೇ ಇಲ್ಲ.”

ಅಂದ ಮೇಲೆ ಆತ ನಾಲಿಗೆ ಕಚ್ಚಿಕೊಂಡ. ಪಕ್ಕದ ಹೆಂಗಸು ಸೂಜಿ ನಿಲ್ಲಿಸಿದಳು. ಅಕ್ಕ ಕನ್ನಡಕ ತೆಗೆದು ಆತನನ್ನೇ ನೋಡಿದರು.

“ಹಾಗಾದ್ರೆ ಕೂತ್ಕೊಂಡು ಹೇಳು. ಏನು ಕೇಳಿಲ್ಲ ನಾನು?”

ಆತ ಹಾಸುಬಟ್ಟೆಯ ಗಂಟಿನ ಮೇಲೆ ಕೂತು ಹೇಳಲು ಶುರು ಮಾಡಿದ. ಅಕ್ಕ ಮಧ್ಯೆ ಮಧ್ಯೆ ಬಾಯಿ ಹಾಕಿದರು, ಬೈದರು, ಒಪ್ಪಲಿಲ್ಲ. ಬಾಯ್ಲರ್ ಸೀಟಿ ಹೊಡೆದು ಆತ ಓಡಿಹೋದ ಮೇಲೂ ಅವರು ಸೂಜಿಗೆ ದಾರ ಪೋಣಿಸುತ್ತ ತಮ್ಮಷ್ಟಕ್ಕೆ ತಾವು ವಾದಿಸುತ್ತಲೇ ಇದ್ದರು. ಸ್ವಲ್ಪ ಹೊತ್ತಿನ ಮೇಲೆ ಪಕ್ಕದವಳಿಗೆ ಹೇಳಿದರು:

“ಅವನು ಹೇಳೋದು ತಪ್ಪು. ಆದ್ರೆ ಎಷ್ಟು ಜೋರಾಗಿ ತಪ್ಪು ಹೇಳ್ತಾನೆ ನೋಡು. ಆ ಕ್ಯಾಸೆಟ್‌ಗೋಸ್ಕರ ನನ್ನ ಜೊತೆ ಇದುವರೆಗೆ ಒಬ್ಬರೂ ಜಗಳ ಆಡಿರ್ಲಿಲ್ಲ.”